ಕೆಟ್ಟಿದ್ದು ಸ್ಟಿರಿಯೊ ಅಲ್ಲ, ಒಂದು ಬೆಸುಗೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಹೊಸ ಕಾರುಗಳ ದೊಡ್ಡ ದೊಡ್ಡ ಪರದೆಗಳ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿಯೇ ಇತ್ತು. ಆದರೆ ಪುಟ ಮಡಚಿ ಇಟ್ಟಮೇಲೆ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ನಮ್ಮಂಥ ಊರುಗಳಲ್ಲಿ ಹತ್ತು, ಹದಿನೈದು, ಇಪ್ಪತ್ತು ವರ್ಷದ ಕಾರು ಓಡಿಸುವವರು ಬೇಕಾದಷ್ಟು ಜನ ಇದ್ದೇವೆ. ನಮ್ಮ ಕಾರಲ್ಲೂ ಸ್ಟಿರಿಯೊ ಇದೆ, ಜೇಬಲ್ಲಿ ಫೋನ್ ಇದೆ, ಫೋನಿನ ತುಂಬ ಹಾಡಿದೆ. ಆ ಹಾಡು ಈ ಸ್ಟಿರಿಯೊದಲ್ಲಿ ಬರುವಂತೆ ಮಾಡುವುದು ಹೇಗೆ ಅಂತ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಉತ್ತರ ಒಂದೇ: ಇದನ್ನ ಕಿತ್ತು ಹೊಸದು ಹಾಕ್ಸಿ. ಆ ಮಾತು ಕೇಳಿ ನಾನು ದುಡ್ಡನ್ನೂ ಕಳೆದುಕೊಂಡೆ, ಒಂದು ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲಾಗದೆ ರಸ್ತೆಯಲ್ಲಿ ನಿಂತೆ. ಇನ್ನೊಬ್ಬರಿಗೆ ಹಾಗೆ ಆಗಬಾರದು ಅಂತ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ನನ್ನದು 2009ರ ಆಲ್ಟೊ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ತೆಗೆದುಕೊಂಡು ಹೋಗಿ, ಗಾಡಿ ತೋರಿಸಿ, ಐದು ಸಾವಿರ ಶುಲ್ಕ ಕಟ್ಟಿ ನೋಂದಣಿ ನವೀಕರಿಸಿಕೊಂಡು ಬಂದೆ. ಇನ್ನೂ ಐದು ವರ್ಷ ರಸ್ತೆಯ ಮೇಲೆ ಓಡಲಿ ಅಂತ ಸರ್ಕಾರವೇ ಒಪ್ಪಿದೆ. ಎಂಜಿನ್ ಚೆನ್ನಾಗಿದೆ, ಬಾಡಿ ಚೆನ್ನಾಗಿದೆ. ಒಳಗಿರುವುದು ಕೊಳ್ಳುವಾಗ ಶೋರೂಮಿನಲ್ಲೇ ಹಾಕಿಸಿದ ಸ್ಟಿರಿಯೊ. ಸಿಡಿ, ರೇಡಿಯೊ, ಮುಂದುಗಡೆ ಒಂದು ಯುಎಸ್‌ಬಿ ತೂತು, ಪಕ್ಕದಲ್ಲಿ ಹೆಡ್‌ಫೋನ್ ಪಿನ್ನು ಹೋಗುವಂಥ ದುಂಡಗಿನ ಆಕ್ಸ್ ತೂತು. ಎಡಗಡೆ ಒಂದು ದಪ್ಪ ತಿರುಪು. ಅಷ್ಟೇ.

ಆ ತಿರುಪಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಮ್ಮನಿಗೆ ಎಪ್ಪತ್ತೆಂಟು ವರ್ಷ. ಕಾರಿನಲ್ಲಿ ಮುಂದಿನ ಸೀಟು ಅವರದೇ. ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಕಾಣುವುದಿಲ್ಲ. ಆದರೆ ಕೈ ಚಾಚಿದರೆ ಬೆರಳಿಗೆ ತಿರುಪು ಸಿಗುತ್ತದೆ. ಬಲಕ್ಕೆ ತಿರುಗಿಸಿದರೆ ಜೋರು, ಎಡಕ್ಕೆ ತಿರುಗಿಸಿದರೆ ಸಣ್ಣ, ಒತ್ತಿದರೆ ಟಕ್ ಅಂತ ಬಂದ್. ಹದಿನೈದು ವರ್ಷ ಅವರ ಬೆರಳು ತಾಗಿ ತಾಗಿ ಅದರ ಮೇಲಿದ್ದ ಬೆಳ್ಳಿ ಬಣ್ಣ ಒಂದು ಬದಿ ಸವೆದು ಕಪ್ಪು ಕಾಣುತ್ತಿದೆ. ದೇವರನಾಮ ಬಂದರೆ ಒಂದು ಸುತ್ತು ಜಾಸ್ತಿ ಮಾಡುತ್ತಾರೆ, ನನಗೆ ಫೋನ್ ಬಂದರೆ ಕೇಳದೆಯೇ ಕಡಿಮೆ ಮಾಡುತ್ತಾರೆ. ರಸ್ತೆಯಿಂದ ಕಣ್ಣು ತೆಗೆಯದೆ ನಾನೂ ಅದನ್ನೇ ಮಾಡಬಹುದು.

ತೊಂದರೆ ಶುರುವಾಗಿದ್ದು ಫೋನ್ ಬದಲಾಯಿಸಿದಾಗ. ಹಳೆ ಫೋನಿನಲ್ಲಿ 3.5 ಮಿಲಿಮೀಟರಿನ ಹೆಡ್‌ಫೋನ್ ತೂತು ಇತ್ತು. ಎರಡೂ ಕಡೆ ಪಿನ್ನಿರುವ ಒಂದು ವೈರು ತಂದು ಒಂದು ತುದಿ ಫೋನಿಗೆ, ಇನ್ನೊಂದು ತುದಿ ಸ್ಟಿರಿಯೊದ ಆಕ್ಸ್‌ಗೆ ಚುಚ್ಚಿದರೆ ಕೆಲಸ ಮುಗಿಯಿತು. 2016ರಲ್ಲಿ ಆ್ಯಪಲ್‌ನವರು ಐಫೋನ್ 7ರಿಂದ ಆ ತೂತು ತೆಗೆದರು. ಆಮೇಲೆ ಒಬ್ಬೊಬ್ಬರಾಗಿ ಉಳಿದ ಎಷ್ಟೋ ಕಂಪನಿಗಳೂ ತೆಗೆದವು. ನನ್ನ ಹೊಸ ಫೋನಿನಲ್ಲೂ ಇರುವುದು ಚಾರ್ಜ್ ಮಾಡುವ ಸಿ ಟೈಪ್ ತೂತು ಒಂದೇ. ಹತ್ತು ವರ್ಷ ಕೆಲಸ ಮಾಡಿದ ವೈರು ಒಂದೇ ದಿನಕ್ಕೆ ಮೂಲೆ ಸೇರಿತು.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಚಾರ್ಜರ್ ವೈರು ತೆಗೆದುಕೊಂಡು ಫೋನನ್ನು ಸ್ಟಿರಿಯೊದ ಯುಎಸ್‌ಬಿ ತೂತಿಗೆ ಹಾಕಿದೆ. ಫೋನ್ ಚಾರ್ಜ್ ಆಗತೊಡಗಿತು, ಸ್ಟಿರಿಯೊ ಮಾತ್ರ ಫೈಲೇ ಇಲ್ಲ ಅಂತ ತೋರಿಸಿತು. ಕೆಟ್ಟುಹೋಗಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಹಳೆ ಸ್ಟಿರಿಯೊಗಳಿಗೆ ಗೊತ್ತಿರುವುದು ಪೆನ್‌ಡ್ರೈವ್ ಓದುವುದು ಮಾತ್ರ. ಈಗಿನ ಆಂಡ್ರಾಯ್ಡ್ ಫೋನುಗಳು ಪೆನ್‌ಡ್ರೈವ್ ಥರ ತಮ್ಮ ಮೆಮೊರಿಯನ್ನು ನೇರವಾಗಿ ತೆರೆದಿಡುವುದಿಲ್ಲ, ಎಂಟಿಪಿ ಅನ್ನುವ ಬೇರೆ ಪದ್ಧತಿಯಲ್ಲಿ ಮಾತಾಡುತ್ತವೆ. ಕಂಪ್ಯೂಟರಿಗೆ ಆ ಮಾತು ಅರ್ಥವಾಗುತ್ತದೆ, 2009ರ ಸ್ಟಿರಿಯೊಗೆ ಆಗುವುದಿಲ್ಲ. ಫೋನಿನ ಸೆಟ್ಟಿಂಗ್ಸ್ ಎಷ್ಟು ತಿರುವಿ ಹಾಕಿದರೂ ಅಷ್ಟೇ. ಇಷ್ಟು ಗೊತ್ತಿದ್ದಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಪೆನ್‌ಡ್ರೈವ್ ಹಾಕಿದರೆ ಆಗುತ್ತದಲ್ಲ ಅಂತ ನೀವು ಕೇಳಬಹುದು. ಆಗುತ್ತದೆ, ನಾನೂ ಹಾಕಿದೆ. ಅದರಲ್ಲೂ ಕೆಲವು ಸೂಕ್ಷ್ಮಗಳಿವೆ. ಹಾಡು ಎಂಪಿ3 ಆಗಿರಬೇಕು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ, ಫೈಲು ಜೋಡಿಸಿಡುವ ಹಳೆ ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. 64 ಜಿಬಿದು ತಂದರೆ ಅದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತದೆ, ಹಳೆ ಸ್ಟಿರಿಯೊ ಅದನ್ನು ಓದುವುದಿಲ್ಲ. ಹಾಗಾಗಿ 32 ಜಿಬಿಯೋ ಅದಕ್ಕಿಂತ ಚಿಕ್ಕದೋ ತರುವುದು ಒಳ್ಳೆಯದು. ಇನ್ನು ನಮ್ಮ ಕನ್ನಡದ ಕಷ್ಟ. ಹಾಡಿನ ಹೆಸರನ್ನು ನಾನು ಪ್ರೀತಿಯಿಂದ ಕನ್ನಡದಲ್ಲೇ ಬರೆದು ಇಟ್ಟುಕೊಂಡಿದ್ದೆ. ಸ್ಟಿರಿಯೊ ಪರದೆಯ ಮೇಲೆ ಬಂದಿದ್ದು ಸಾಲಾಗಿ ಚೌಕ ಚೌಕ ಡಬ್ಬಿಗಳು. ಭಾವಗೀತೆ ಯಾವುದು, ಯಕ್ಷಗಾನದ ಪದ ಯಾವುದು, ಒಂದೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅಕ್ಕನ ಮಗಳು ಕೂತು ಇನ್ನೂರು ಚಿಲ್ಲರೆ ಹಾಡುಗಳ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿ ಕೊಟ್ಟಳು. ಇಲ್ಲೇ ತಯಾರಾಗುವ, ಇಲ್ಲೇ ಮಾರುವ ಸ್ಟಿರಿಯೊಗಳಾದರೂ ನಮ್ಮ ಲಿಪಿ ತೋರಿಸಬಾರದೇ ಅಂತ ಆವತ್ತು ನಿಜವಾಗಿಯೂ ಬೇಜಾರಾಯಿತು. ಇವತ್ತಿಗೂ ಆ ಬೇಜಾರು ಇದೆ.

ಇನ್ನೊಂದು ಸಂಗತಿ. ಎಷ್ಟೋ ಸ್ಟಿರಿಯೊಗಳು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ಹಾಡುವುದಿಲ್ಲ, ಪೆನ್‌ಡ್ರೈವ್‌ಗೆ ಯಾವ ಕ್ರಮದಲ್ಲಿ ಕಾಪಿ ಆಯಿತೋ ಆ ಕ್ರಮದಲ್ಲಿ ಹಾಡುತ್ತವೆ. ತಾಳಮದ್ದಲೆಯ ಮೂರನೇ ಭಾಗ ಮುಗಿದ ಮೇಲೆ ಮೊದಲನೇ ಭಾಗ ಬಂದರೆ ಏನು ಮಾಡುವುದು? ಎಲ್ಲ ಅಳಿಸಿ ಒಂದೊಂದಾಗಿ ಸರಿಯಾದ ಕ್ರಮದಲ್ಲಿ ಕಾಪಿ ಮಾಡಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಪೆನ್‌ಡ್ರೈವ್ ಫೋನಿನ ಜಾಗ ತುಂಬುವುದಿಲ್ಲ. ಈಗ ನಾವು ಹಾಡು ಕೇಳುವುದು ಆ್ಯಪ್‌ಗಳಲ್ಲಿ. ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿದ ಹಾಡು ಆ ಆ್ಯಪ್‌ನಲ್ಲಿ ಮಾತ್ರ ಹಾಡುತ್ತದೆ, ತೆಗೆದು ಪೆನ್‌ಡ್ರೈವ್‌ಗೆ ಹಾಕಲು ಬರುವುದಿಲ್ಲ. ಮೇಲಾಗಿ ದಾರಿ ತೋರಿಸುವ ಮ್ಯಾಪ್‌ನ ಧ್ವನಿಯೂ ಸ್ಪೀಕರಿನಲ್ಲೇ ಬರಲಿ ಅನಿಸುತ್ತದೆ, ಅಲ್ವಾ? ಹಾಗಾಗಿ ಫೋನನ್ನೇ ಜೋಡಿಸುವ ದಾರಿ ಹುಡುಕಲೇಬೇಕಾಯಿತು.

ಸಿ ಟೈಪ್‌ನಿಂದ ಹೆಡ್‌ಫೋನ್ ತೂತಿಗೆ ಬದಲಾಯಿಸುವ ಚೋಟುದ್ದದ ವೈರು ಸಿಗುತ್ತದೆ. ನೂರೈವತ್ತು ಕೊಟ್ಟು ತಂದೆ. ಹಾಕಿದೆ. ಸದ್ದೇ ಇಲ್ಲ. ಅಂಗಡಿಯವರು ಬದಲಾಯಿಸಿ ಕೊಟ್ಟರು, ಅದರಲ್ಲೂ ಇಲ್ಲ. ಎರಡೂ ಕೆಟ್ಟಿದ್ದಾವೆ ಅಂತಲೇ ನಾವಿಬ್ಬರೂ ತೀರ್ಮಾನ ಮಾಡಿದೆವು. ನಿಜ ಸಂಗತಿ ಬೇರೆ. ಈ ವೈರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ವೈರು ಇರುತ್ತದೆ. ಫೋನು ತಾನೇ ಹಾಡನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ಸಿ ಟೈಪ್ ತೂತಿನಿಂದ ಹೊರಗೆ ಬಿಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ ಡ್ಯಾಕ್ ಅನ್ನುವ ಚಿಕ್ಕ ಚಿಪ್ ಇರುತ್ತದೆ. ಫೋನು ಅಂಕಿಗಳ ರೂಪದಲ್ಲಿ ಕೊಡುವ ಹಾಡನ್ನು ಅದೇ ಧ್ವನಿಯಾಗಿ ಬದಲಾಯಿಸುತ್ತದೆ. ನನ್ನ ಫೋನಿಗೆ ಬೇಕಾಗಿದ್ದು ಎರಡನೆಯದು. ನೋಡಲು ಎರಡೂ ಒಂದೇ ಥರ ಇರುತ್ತವೆ! ನಾನು ತಂದ ಪೊಟ್ಟಣದ ಮೇಲೆ ಯಾವ ಜಾತಿ ಅಂತ ಬರೆದೇ ಇರಲಿಲ್ಲ. ಡ್ಯಾಕ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಈ ಒಂದು ಮಾತು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಓಡಾಟ ತಪ್ಪುತ್ತಿತ್ತು.

ಅದು ಬಂದ ಮೇಲೆ ಹಾಡು ಬಂತು. ನಾಲ್ಕು ದಿನ ಖುಷಿಯಾಗಿದ್ದೆ. ಐದನೇ ದಿನ ಹಾಸನಕ್ಕೆ ಹೋಗುವಾಗ ಫೋನಿನ ಚಾರ್ಜ್ ಕಡಿಮೆ ಇತ್ತು ಅಂತ, ಚಾರ್ಜಿಂಗಿಗೂ ಹಾಡಿಗೂ ಎರಡಕ್ಕೂ ಜಾಗ ಇರುವ ಇನ್ನೊಂದು ಕನೆಕ್ಟರ್ ಹಾಕಿ, ಸಿಗರೇಟ್ ಲೈಟರ್ ಸಾಕೆಟ್‌ನ ಚಾರ್ಜರಿಗೆ ಸೇರಿಸಿದೆ. ಶುರುವಾಯಿತು ನೋಡಿ. ಕುಂಯ್ ಅಂತ ಒಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಗೇರು ಬದಲಾಯಿಸಿದರೆ ಅದೂ ಬದಲಾಗುತ್ತದೆ. ದೇವರನಾಮದಲ್ಲಿ ತಂಬೂರಿ ಒಂದೇ ಮಿಡಿಯುವ ಜಾಗ ಬರುತ್ತದಲ್ಲ, ಅಲ್ಲಂತೂ ತಂಬೂರಿಗಿಂತ ಇದೇ ಜೋರು. ಅಮ್ಮ ಕಿವಿಗೊಟ್ಟು ಕೇಳಿ, "ಹಾಡಿನೊಳಗೆ ದುಂಬಿ ಸೇರ್ಕೊಂಡೈತೆ ನೋಡೋ" ಅಂದರು.

ಆ ದುಂಬಿ ಏನು ಅಂತ ಗೊತ್ತಾಗಲು ನನಗೆ ತಿಂಗಳೇ ಬೇಕಾಯಿತು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್, ನಮ್ಮ ಕಡೆ ಎಲ್ಲರೂ ಡೈನಮೊ ಅನ್ನುತ್ತಾರೆ. ಅದು ಕೊಡುವ ಕರೆಂಟಿನಲ್ಲಿ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಕಾರಿನಲ್ಲಿ ಬಾಡಿಯೇ ಬ್ಯಾಟರಿಯ ಮೈನಸ್ ವೈರಿನ ಕೆಲಸ ಮಾಡುತ್ತದೆ. ಈಗ ಫೋನಿನ ಮೈನಸ್ಸು ಚಾರ್ಜರ್ ಮೂಲಕ ಒಂದು ಕಡೆ ಬಾಡಿಗೆ ಸೇರಿತು, ಆಕ್ಸ್ ವೈರಿನ ಮೂಲಕ ಇನ್ನೊಂದು ಕಡೆ ಸ್ಟಿರಿಯೊದ ಮೈನಸ್ಸಿಗೆ ಸೇರಿತು. ಎರಡು ದಾರಿ ಸೇರಿ ಒಂದು ಸುತ್ತು ಆಯಿತು. ಆ ಸುತ್ತಿನಲ್ಲಿ ಡೈನಮೊದ ಏರಿಳಿತ ಹರಿದು ಹಾಡಿನ ಜೊತೆ ಸ್ಪೀಕರಿಗೆ ಬರುತ್ತದೆ. ಪರೀಕ್ಷೆ ಮಾಡುವುದು ಬಹಳ ಸುಲಭ. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದೇ ಕಾರಣ. ಸ್ಪೀಕರು ಬದಲಾಯಿಸಬೇಕಿಲ್ಲ, ಸ್ಟಿರಿಯೊ ಬದಲಾಯಿಸಬೇಕಿಲ್ಲ.

ಇದಕ್ಕೆ ಮದ್ದೂ ಇದೆ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಹೆಸರು. ಹೆಬ್ಬೆರಳು ಗಾತ್ರದ ಒಂದು ಡಬ್ಬಿ, ಎರಡು ಕಡೆ ಹೆಡ್‌ಫೋನ್ ಪಿನ್ನಿನ ವ್ಯವಸ್ಥೆ. ಒಳಗೆ ಎರಡು ಪುಟಾಣಿ ಟ್ರಾನ್ಸ್‌ಫಾರ್ಮರ್, ಎಡ ಸ್ಪೀಕರಿಗೊಂದು, ಬಲಕ್ಕೊಂದು. ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ತಾಗಿರುವುದಿಲ್ಲ, ಹಾಡು ಮಾತ್ರ ಆಯಸ್ಕಾಂತದ ಮೂಲಕ ದಾಟುತ್ತದೆ, ಮೈನಸ್ಸಿನ ಸುತ್ತು ಅಲ್ಲಿಗೆ ಕಡಿದುಹೋಗುತ್ತದೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆಯಲ್ಲಿ ತಂದೆ. ಮಧ್ಯೆ ಸೇರಿಸಿದೆ. ದುಂಬಿ ಹೋಯಿತು. ಅಮ್ಮ ಆವತ್ತು ತಿರುಪನ್ನು ಎರಡು ಸುತ್ತು ಜಾಸ್ತಿ ತಿರುಗಿಸಿದರು.

ಇಷ್ಟೆಲ್ಲ ಸರಿಯಾದ ಮೇಲೆ ನಾನು ದುಡುಕಿದ್ದು. ಎರಡು ವರ್ಷ ಚುಚ್ಚಿ ತೆಗೆದು ಮಾಡಿದ್ದರಿಂದ ಆಕ್ಸ್ ತೂತು ಸಡಿಲವಾಗಿ, ಒಂದು ಬದಿಯ ಸ್ಪೀಕರು ಬಂದು ಹೋಗಿ ಮಾಡತೊಡಗಿತು. ಪಿನ್ನನ್ನು ಸ್ವಲ್ಪ ಒತ್ತಿ ಹಿಡಿದರೆ ಬರುತ್ತದೆ, ಬಿಟ್ಟರೆ ಇಲ್ಲ. ಹತ್ತಿರದ ಪಟ್ಟಣದಲ್ಲಿ ಕಾರಿನ ಅಲಂಕಾರ ಸಾಮಾನು ಮಾರುವ ಒಂದು ಅಂಗಡಿಗೆ ಹೋಗಿ ಇದನ್ನು ರಿಪೇರಿ ಮಾಡಿಕೊಡಿ ಅಂತ ಕೇಳಿದೆ. ಅಂಗಡಿಯ ಹುಡುಗ ಸ್ಟಿರಿಯೊ ಮುಟ್ಟಿಯೂ ನೋಡಲಿಲ್ಲ. "ಸಾರ್, ಇದೆಲ್ಲ ಈಗ ಯಾರೂ ರಿಪೇರಿ ಮಾಡಲ್ಲ, ಆಂಡ್ರಾಯ್ಡ್ ಸ್ಕ್ರೀನ್ ಹಾಕ್ಸಿಬಿಡಿ, ಒಂದು ಗಂಟೆ ಕೆಲಸ" ಅಂದ. ಹನ್ನೆರಡು ಸಾವಿರ. ನಾನು ಹೂಂ ಅಂದುಬಿಟ್ಟೆ.

ಕಾರಿನ ಸ್ಟಿರಿಯೊಗಳಿಗೆ ಒಂದು ಅಳತೆ ಇದೆ. ಜರ್ಮನಿಯಲ್ಲಿ ಗೊತ್ತುಮಾಡಿದ ಅಳತೆ, ಡಿನ್ ಅನ್ನುತ್ತಾರೆ. ಸಿಂಗಲ್ ಡಿನ್ ಅಂದರೆ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್ ಅಂದರೆ ಎತ್ತರ ಅದರ ಎರಡರಷ್ಟು. ನನ್ನದು ಸಿಂಗಲ್. ಪರದೆ ಕೂರಿಸಲು ಆ ಹುಡುಗ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಲ್ಲಿ ಕೊರೆದ. ಆಮೇಲೆ ಹಿಂದಿನ ವೈರುಗಳನ್ನೆಲ್ಲ ಒಟ್ಟಿಗೆ ಸಿಗಿಸುವ ಕಪ್ಲರನ್ನು ಕತ್ತರಿಸಿ ಬಿಸಾಡಿ, ವೈರುಗಳನ್ನು ಹಲ್ಲಿನಲ್ಲಿ ಕಚ್ಚಿ ಸುಲಿದು, ಕೈಯಲ್ಲಿ ತಿರುಚಿ ಕಪ್ಪು ಟೇಪು ಸುತ್ತಿದ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕತ್ತರಿ ಬಿದ್ದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು, ಆದರೂ ಕೆಲಸ ಗೊತ್ತಿರುವವನು ಅಂತ ಸುಮ್ಮನಿದ್ದೆ. ಕತ್ತರಿಸುವ ಅಗತ್ಯವೇ ಇರಲಿಲ್ಲ. ಕಾರಿನ ಕಪ್ಲರಿಗೂ ಸ್ಟಿರಿಯೊದ ಕಪ್ಲರಿಗೂ ನಡುವೆ ಸಿಗಿಸುವ ರೆಡಿಮೇಡ್ ವೈರಿಂಗ್ ಸಿಗುತ್ತದೆ, ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಬೇಕಾದಷ್ಟು ಇದೆ. ಅದನ್ನು ಹಾಕಿದ್ದರೆ ಮುಂದೆ ಆದ ಅನಾಹುತ ಆಗುತ್ತಿರಲಿಲ್ಲ.

ಮನೆಗೆ ಬಂದ ದಿನವೇ ಅಮ್ಮ ಕೈ ಚಾಚಿ ತಿರುಪು ಹುಡುಕಿದರು. ಇರಲಿಲ್ಲ. ನುಣ್ಣಗಿನ ಗಾಜು. ಬೆರಳು ತಾಗಿದ ಕಡೆಯೆಲ್ಲ ಏನೇನೋ ತೆರೆದುಕೊಂಡಿತು. ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಆಮೇಲೆ ಒಂದು ವಾರ ಹಾಡು ಹಾಕು ಅಂತ ಕೇಳಲೇ ಇಲ್ಲ. ನನಗೂ ಅಷ್ಟೇ, ಸದ್ದು ಕಡಿಮೆ ಮಾಡಬೇಕಾದರೆ ರಸ್ತೆ ಬಿಟ್ಟು ಪರದೆ ನೋಡಬೇಕು. ಅರಸೀಕೆರೆಯಿಂದ ಹಾಸನದ ರಸ್ತೆಯಲ್ಲಿ ಎದುರಿಗೆ ತೆಂಗಿನಕಾಯಿ ಲಾರಿ ಬರುವಾಗ ಎರಡು ಸೆಕೆಂಡು ಕಣ್ಣು ತೆಗೆಯುವುದು ಅಂದರೆ ಸಣ್ಣ ಮಾತಲ್ಲ.

ಹತ್ತು ದಿನಕ್ಕೆ ಸರಿಯಾಗಿ ಒಂದು ಬೆಳಿಗ್ಗೆ ಅಮ್ಮನನ್ನು ಹಾಸನದ ಆಸ್ಪತ್ರೆಗೆ ತೋರಿಸಲು ಹೊರಟೆವು. ಕೀ ತಿರುಗಿಸಿದರೆ ಟಿಕ್ ಟಿಕ್ ಟಿಕ್ ಅಷ್ಟೇ. ಬ್ಯಾಟರಿ ಪೂರ್ತಿ ಇಳಿದಿತ್ತು. ಪಕ್ಕದ ಮನೆಯವರನ್ನು ಕರೆದು ತಳ್ಳಿಸಿ ಮುಖ್ಯ ರಸ್ತೆವರೆಗೆ ತಂದೆವು, ಅಲ್ಲೇ ನಿಂತಿತು. ಅಮ್ಮ ಫೈಲು ಮಡಿಲಲ್ಲಿಟ್ಟುಕೊಂಡು ಅಂಗಡಿ ಕಟ್ಟೆಯ ಮೇಲೆ ಕೂತಿದ್ದರು. ಅವತ್ತಿನ ಡಾಕ್ಟರ ಸಮಯ ತಪ್ಪಿತು.

ಬಸ್ ನಿಲ್ದಾಣದ ಹತ್ತಿರ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಇದ್ದಾರೆ, ಲಾರಿಗಳ ಲೈಟು, ಡೈನಮೊ ರಿಪೇರಿ ಮಾಡುವವರು. ಅವರು ಬಂದು, ಕರೆಂಟ್ ಬರುತ್ತಿದೆಯೇ ಅಂತ ನೋಡುವ ಟೆಸ್ಟ್ ಲ್ಯಾಂಪ್ ಹಿಡಿದು ಪರದೆಯ ಹಿಂದೆ ಒಂದೇ ನಿಮಿಷ ನೋಡಿದರು. "ಮೇಷ್ಟ್ರೇ, ಹಳದೀನೂ ಕೆಂಪೂ ಎರಡನ್ನೂ ಒಂದೇ ಕಡೆ ಕಟ್ಟವ್ರೆ" ಅಂದರು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ಸ್ಟಿರಿಯೊಗೆ ಹಳದಿ ವೈರಿನಲ್ಲಿ ಯಾವಾಗಲೂ 12 ವೋಲ್ಟ್ ಬರಬೇಕು, ಗಡಿಯಾರ ಮತ್ತು ರೇಡಿಯೊ ನಿಲ್ದಾಣಗಳ ನೆನಪು ಉಳಿಯಲಿಕ್ಕೆ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಬರಬೇಕು, ಅದು ಬಂದಾಗ ಸ್ಟಿರಿಯೊ ಏಳುತ್ತದೆ, ಹೋದಾಗ ಮಲಗುತ್ತದೆ. ಕಪ್ಪು ಮೈನಸ್. ಎರಡನ್ನೂ ನೇರ ಬ್ಯಾಟರಿಗೆ ಕಟ್ಟಿದರೆ ಕೀ ತೆಗೆದರೂ ಸ್ಟಿರಿಯೊಗೆ ಗೊತ್ತಾಗುವುದಿಲ್ಲ. ಪರದೆ ಕಪ್ಪಗೆ ಕಂಡರೂ ಒಳಗೆ ಎಚ್ಚರವಾಗಿಯೇ ಇದ್ದು ರಾತ್ರಿಯೆಲ್ಲ ಬ್ಯಾಟರಿ ಹೀರುತ್ತಿರುತ್ತದೆ. ದಿನಾ ಓಡಿಸುತ್ತಿದ್ದರಿಂದ ಗೊತ್ತಾಗಿರಲಿಲ್ಲ, ಎರಡು ದಿನ ನಿಲ್ಲಿಸಿದ್ದೇ ತಡ ಸತ್ತುಹೋಯಿತು.

ಹಳೆ ಸ್ಟಿರಿಯೊ ಎಲ್ಲಿ ಅಂತ ಕೇಳಿದರು. ಪುಣ್ಯಕ್ಕೆ ನಾನು ಅದನ್ನು ಅಂಗಡಿಯಲ್ಲಿ ಬಿಟ್ಟು ಬಂದಿರಲಿಲ್ಲ, ಬಟ್ಟೆ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ತಂದುಕೊಟ್ಟೆ. ನಾಲ್ಕು ಸ್ಕ್ರೂ ಬಿಚ್ಚಿ ಮುಂದಿನ ಮುಖ ತೆಗೆದು, ಆಕ್ಸ್ ತೂತಿನ ಹಿಂದೆ ಬೋರ್ಡಿನ ಮೇಲೆ ಬೆರಳಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು ಒಂದು ಸೀಸದ ಬೊಟ್ಟು. ಅದರ ಸುತ್ತ ಕೂದಲೆಳೆಯಂಥ ಬಿರುಕು. ಬೆಸುಗೆ ಹಾಕುವ ಕಡ್ಡಿ ಕಾಯಿಸಿ ಒಂದು ಹನಿ ಸೀಸ ಹಾಕಿದರು. ಉಫ್ ಅಂತ ಊದಿದರು. ಅಷ್ಟೇ, ಎರಡೂ ಸ್ಪೀಕರು ಬಂತು. ನೂರು ರೂಪಾಯಿ ತೆಗೆದುಕೊಂಡರು. ಕತ್ತರಿಸಿದ ವೈರುಗಳಿಗೆಲ್ಲ ಹೊಸ ಕಪ್ಲರ್ ಹಾಕಿ ಬೆಸುಗೆ ಮಾಡಿಕೊಟ್ಟಿದ್ದಕ್ಕೆ ಬೇರೆ. ಕೊರೆದ ಡ್ಯಾಶ್‌ಬೋರ್ಡಿಗೆ ಮಾತ್ರ ಮದ್ದಿಲ್ಲ, ಸ್ಟಿರಿಯೊದ ಕೆಳಗೆ ಈಗಲೂ ಒಂದು ತೂತು ಬಾಯಿಬಿಟ್ಟುಕೊಂಡಿದೆ.

ಸಂಪಾದಕರೇ, ಆ ಸಾಸಿವೆ ಕಾಳಿನಷ್ಟು ಬೆಸುಗೆಗೆ ಹನ್ನೆರಡು ಸಾವಿರ ಕೊಡಿಸಿದ್ದು ಸರಿಯಾ? ಹೊಸ ಪರದೆಗಳನ್ನು ನಾನು ಬೇಡ ಅನ್ನುತ್ತಿಲ್ಲ. ಬೇಕಾದವರು ಹಾಕಿಸಿಕೊಳ್ಳಲಿ. ಹಿಂದೆ ಬರುವಾಗ ಕ್ಯಾಮೆರಾ ನೋಡಲು ಅನುಕೂಲ, ಮ್ಯಾಪ್ ದೊಡ್ಡದಾಗಿ ಕಾಣುತ್ತದೆ. ಆದರೆ ಗಿರಾಕಿ ಏನು ಕೇಳಿಕೊಂಡು ಬಂದಿದ್ದಾನೆ ಅಂತ ಮೊದಲು ಕೇಳಬೇಕು. ನೂರು ರೂಪಾಯಿಯ ದಾರಿ ಇದ್ದರೆ ಅದನ್ನೂ ಹೇಳಬೇಕು. ಕಾರಿನ ಮೂಲ ವೈರು ಕತ್ತರಿಸುವ ಮುಂಚೆ ಕತ್ತರಿಸುತ್ತೇನೆ ಅಂತ ಹೇಳಿ ಒಪ್ಪಿಗೆ ಕೇಳಬೇಕು.

ಆಕ್ಸ್ ತೂತೇ ಇಲ್ಲದ ಕಾರುಗಳೂ ಇವೆಯಲ್ಲ, ಅವರು ಏನು ಮಾಡಬೇಕು ಅಂತ ಕೇಳುವವರಿಗೂ ಒಂದೆರಡು ಮಾತು. ನಮ್ಮ ಸೋದರಮಾವನ ಹತ್ತಿರ 1998ರ ಮಾರುತಿ 800 ಇದೆ, ಇವತ್ತಿಗೂ ದಿನಾ ತೋಟಕ್ಕೆ ಹೋಗಿಬರುತ್ತದೆ. ಅದರಲ್ಲಿರುವುದು ಕ್ಯಾಸೆಟ್ ಪ್ಲೇಯರ್. ಅದಕ್ಕೆ ಕ್ಯಾಸೆಟ್ ಅಡಾಪ್ಟರ್ ಅಂತ ಬರುತ್ತದೆ. ನೋಡಲು ಕ್ಯಾಸೆಟ್ಟೇ, ಒಳಗೆ ಟೇಪು ಮಾತ್ರ ಇಲ್ಲ. ಟೇಪು ತಾಗುವ ಜಾಗದಲ್ಲಿ ಒಂದು ಪುಟ್ಟ ಆಯಸ್ಕಾಂತದ ಹೆಡ್ಡು, ಅದರಿಂದ ಹೊರಗೆ ಒಂದು ತೆಳು ವೈರು. ಫೋನಿನ ಹಾಡು ಆ ಹೆಡ್ಡಿನಲ್ಲಿ ಆಯಸ್ಕಾಂತದ ಏರಿಳಿತವಾಗುತ್ತದೆ, ಎದುರಿಗೆ ಒತ್ತಿಕೊಂಡಿರುವ ಪ್ಲೇಯರಿನ ಹೆಡ್ಡು ಅದನ್ನು ಟೇಪು ಅಂತಲೇ ತಿಳಿದು ಓದುತ್ತದೆ. 1963ರಲ್ಲಿ ಫಿಲಿಪ್ಸ್‌ನವರು ತಂದ ಕ್ಯಾಸೆಟ್ಟಿನ ಪ್ಲೇಯರಿನಲ್ಲಿ ಇವತ್ತಿನ ಫೋನಿನ ಹಾಡು! ಮಾವನಿಗೆ ಅದನ್ನು ಹಾಕಿಕೊಟ್ಟ ದಿನ ಅವರು ತೋಟದ ಗೇಟಿನ ಹತ್ತಿರ ಕಾರು ನಿಲ್ಲಿಸಿ ಒಂದು ಇಡೀ ಪ್ರಸಂಗ ಕೇಳಿ ಒಳಗೆ ಬಂದರು. ಪ್ಲೇಯರಿನ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರೆ ಧ್ವನಿ ಇನ್ನೂ ಸ್ವಚ್ಛವಾಗುತ್ತದೆ. ಆಟೊ ರಿವರ್ಸ್ ಇರುವ ಪ್ಲೇಯರು ಕೆಲವು ಅಡಾಪ್ಟರುಗಳನ್ನು ಒಪ್ಪುವುದಿಲ್ಲ, ಟೇಪು ಮುಗಿಯಿತು ಅಂದುಕೊಂಡು ಟಕ ಟಕ ಅಂತ ಬದಿ ಬದಲಾಯಿಸುತ್ತಲೇ ಇರುತ್ತದೆ. ಕೊಳ್ಳುವ ಮುಂಚೆ ಕಾರಿನಲ್ಲೇ ಹಾಕಿ ನೋಡುವುದು ಒಳ್ಳೆಯದು.

ಕ್ಯಾಸೆಟ್ಟೂ ಇಲ್ಲ, ಆಕ್ಸೂ ಇಲ್ಲ, ರೇಡಿಯೊ ಮಾತ್ರ ಇದೆ ಅನ್ನುವವರಿಗೆ ಉಳಿದಿರುವುದು ಎಫ್ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವುದು. ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ತೆಗೆದುಕೊಂಡು ಕಾರಿನೊಳಗೇ ಒಂದು ಪುಟ್ಟ ರೇಡಿಯೊ ನಿಲ್ದಾಣದ ಥರ ಬಿಡುತ್ತದೆ. ಹಳ್ಳಿಯ ಕಡೆ ಚೆನ್ನಾಗಿಯೇ ನಡೆಯುತ್ತದೆ. ಒಂದು ಸಲ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಬೆಂಗಳೂರಿಗೆ ಹೋಗುವಾಗ ತಿಪಟೂರು, ಗುಬ್ಬಿ, ತುಮಕೂರು ದಾಟುವ ತನಕ ಏನೂ ತೊಂದರೆ ಇರಲಿಲ್ಲ. ನೆಲಮಂಗಲ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಹಾಡಿನ ಮೇಲೆ ಯಾರದೋ ಜಾಹೀರಾತು ಹತ್ತಿ ಕೂತಿತು. ಬೆಂಗಳೂರಿನಲ್ಲಿ 91.1, 92.7, 93.5, 98.3, 101.3, 102.9 ಅಂತ ಸಾಲು ಸಾಲು ನಿಲ್ದಾಣಗಳಿವೆ. ಎಫ್ಎಂನಲ್ಲಿ ಯಾವುದು ಜೋರೋ ಅದೇ ಗೆಲ್ಲುತ್ತದೆ. ನಿಮ್ಮ ದಾರಿಯಲ್ಲಿ ಯಾವ ನಿಲ್ದಾಣವೂ ಇಲ್ಲದ ಖಾಲಿ ಜಾಗ ಮೊದಲೇ ಹುಡುಕಿ ಇಟ್ಟುಕೊಳ್ಳಿ, ರೇಡಿಯೊದ ಒಂದು ತುದಿಗೆ, 88ರ ಕೆಳಗೆ, ಸಿಗುವುದು ಜಾಸ್ತಿ. ಗಾಡಿ ಓಡುವಾಗ ಹುಡುಕಲು ಹೋಗಬೇಡಿ. ನನ್ನ ಕೇಳಿದರೆ ಬೇರೆ ದಾರಿ ಇದ್ದವರು ಇದಕ್ಕೆ ಕೈ ಹಾಕದಿರುವುದೇ ವಾಸಿ, ಹಿಂದೆ ಸುಯ್ ಅನ್ನುವ ಸದ್ದು ಪೂರ್ತಿ ಹೋಗುವುದಿಲ್ಲ.

ಕಾರಿನಲ್ಲೇ ಬ್ಲೂಟೂತ್ ಇದೆ, ಫೋನು ಸೇರುತ್ತದೆ, ಆದರೆ ಹಾಡು ಮಾತ್ರ ಬರುವುದಿಲ್ಲ ಅನ್ನುವವರನ್ನೂ ನೋಡಿದ್ದೇನೆ. ಹಿಂದಿನ ಕೆಲವು ಕಾರುಗಳಲ್ಲಿ ಬ್ಲೂಟೂತ್ ಇಟ್ಟಿದ್ದು ಕರೆ ಮಾತಾಡಲಿಕ್ಕೆ ಮಾತ್ರ. ಹಾಡಿಗೆ ಎ2ಡಿಪಿ ಅನ್ನುವ ಬೇರೆ ವ್ಯವಸ್ಥೆ ಬೇಕು, ಅದು ಅದರಲ್ಲಿ ಇರುವುದಿಲ್ಲ. ಅಂಥವರು ಆಕ್ಸ್‌ಗೆ ಚುಚ್ಚುವ ಪುಟ್ಟ ಬ್ಲೂಟೂತ್ ರಿಸೀವರ್ ಹಾಕಿಕೊಳ್ಳಬಹುದು. ಅದನ್ನು ಕಾರಿನ ಚಾರ್ಜರಿಗೇ ಸೇರಿಸಿದರೆ ನಮ್ಮಮ್ಮನ ದುಂಬಿ ಅಲ್ಲೂ ಬರಬಹುದು, ಮದ್ದು ಅದೇ.

ಯಾವುದನ್ನು ಹಾಕಿದರೂ ಒಂದು ಕೆಲಸ ಮಾಡಿ. ಫೋನಿನ ಸದ್ದನ್ನು ಮುಕ್ಕಾಲಿಗಿಂತ ಮೇಲೆ ಇಟ್ಟು, ಸ್ಟಿರಿಯೊದ ತಿರುಪಿನಲ್ಲಿ ಬೇಕಾದಷ್ಟು ಹೊಂದಿಸಿಕೊಳ್ಳಿ. ಫೋನಿನಲ್ಲಿ ಸಣ್ಣ ಮಾಡಿ ಸ್ಟಿರಿಯೊದಲ್ಲಿ ಜೋರು ಮಾಡಿದರೆ ಹಾಡಿನ ಜೊತೆ ಕಸದ ಸದ್ದೂ ಜೋರಾಗುತ್ತದೆ. ಮತ್ತೆ, ಹೊರಡುವ ಮುಂಚೆಯೇ ಹಾಡಿನ ಪಟ್ಟಿ ಮಾಡಿ ಡೌನ್‌ಲೋಡ್ ಮಾಡಿಕೊಂಡುಬಿಡಿ. ಪುತ್ತೂರಿನಲ್ಲಿ ನನ್ನ ಹೆಂಡತಿಯ ತವರು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದರೆ ನೆಟ್‌ವರ್ಕ್ ಹೋಗುತ್ತದೆ, ಹಾಡು ಅರ್ಧಕ್ಕೆ ನಿಲ್ಲುತ್ತದೆ, ಕೈ ತಾನಾಗಿಯೇ ಫೋನಿನ ಕಡೆ ಹೋಗುತ್ತದೆ. ಆ ತಿರುವುಗಳಲ್ಲಿ, ಟ್ಯಾಂಕರುಗಳ ನಡುವೆ, ಅದು ಪ್ರಾಣಕ್ಕೆ ಬರುವ ಕೆಲಸ. ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ ಅಂತ ಕೇಸೂ ಆಗುತ್ತದೆ, ದಂಡ ಐದು ಸಾವಿರದವರೆಗೂ ಹೋಗಬಹುದು. ಘಾಟಿ ಶುರುವಾಗುವ ಮುಂಚೆ ಅಮ್ಮ ಅಥವಾ ಹೆಂಡತಿ ಕೈಗೆ ನಾನು ಫೋನ್ ಕೊಟ್ಟುಬಿಡುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ವಾಹನ ಪುಟದಲ್ಲಿ ವಾರಕ್ಕೊಂದು ಚಿಕ್ಕ ಜಾಗ ಹಳೆ ಕಾರಿನವರಿಗೆ ಕೊಡಿ. ಹೊಸ ಕಾರಿನ ಬೆಲೆ, ಬಣ್ಣ, ಪರದೆಯ ಇಂಚು ಎಲ್ಲ ಬರಲಿ, ಅದರ ಪಕ್ಕದಲ್ಲೇ ಯಾವ ವೈರು ಯಾವುದಕ್ಕೆ, ಯಾವ ಅಡಾಪ್ಟರ್ ಯಾವ ಫೋನಿಗೆ, ಬೆಸುಗೆ ಬಿಟ್ಟರೆ ಗೊತ್ತಾಗುವುದು ಹೇಗೆ ಅಂತ ನಾಲ್ಕು ಸಾಲು ಬರಲಿ. ಬರೆಯುವವರು ಸಿಗದಿದ್ದರೆ ಪ್ರತಿ ಊರಿನ ಬಸ್ ನಿಲ್ದಾಣದ ಹಿಂದೆ ಟೆಸ್ಟ್ ಲ್ಯಾಂಪ್ ಹಿಡಿದು ಕೂತಿರುವ ಎಲೆಕ್ಟ್ರಿಷಿಯನ್‌ಗಳನ್ನು ಹೋಗಿ ಮಾತಾಡಿಸಿ. ಅವರಿಗೆ ಗೊತ್ತಿರುವಷ್ಟು ಅಂಗಡಿಯ ಗಾಜಿನ ಬೀರುವಿನ ಮುಂದೆ ನಿಂತವರಿಗೆ ಗೊತ್ತಿಲ್ಲ.

ಕೊನೆಗೆ ಒಂದು ಸಹಾಯ. ಸೋದರಮಾವನ 800ರ ಕ್ಯಾಸೆಟ್ ಅಡಾಪ್ಟರಿನ ವೈರು ಕಳೆದ ತಿಂಗಳು ಬುಡದಲ್ಲೇ ತುಂಡಾಗಿದೆ, ಬೆಸುಗೆ ಹಾಕಲು ಜಾಗವೇ ಉಳಿದಿಲ್ಲ. ಹಾಸನದಲ್ಲಿ ಕೇಳಿದೆ, ತುಮಕೂರಿನಲ್ಲಿ ಕೇಳಿದೆ, ಸಿಗಲಿಲ್ಲ. ಎಲ್ಲಿ ಸಿಗುತ್ತದೆ ಅಂತ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಈ ಅಂಕಣಕ್ಕೇ ಬರೆಯಿರಿ. ಮಾವ ದಿನಾ ಬೆಳಿಗ್ಗೆ ಫೋನ್ ಮಾಡಿ ಬಂತೇನಪ್ಪಾ ಅಂತ ಕೇಳುತ್ತಿದ್ದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಪ್ರೌಢಶಾಲೆಯ ಮೇಷ್ಟ್ರು
ಅರಸೀಕೆರೆ